ವಾಫಲ್ ಮೇಕರ್‌ನಲ್ಲಿ ಕುಕೀಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಓವನ್ ಇಲ್ಲದೆ, ಬರೀ ವಾಫಲ್ ಮೇಕರ್‌ನಲ್ಲಿ ಕುಕೀಸ್ ಆಗುತ್ತಾ?

ಆಗುತ್ತದೆ, ಅದೂ ಎರಡೂವರೆ ಮೂರು ನಿಮಿಷಕ್ಕೆ ಒಂದು ಸರದಿಯಂತೆ. ಆದರೆ ಬೇಕರಿಯ ಬೆಣ್ಣೆ ಬಿಸ್ಕತ್ತಿನ ಹಾಗೆ ಬಾಯಲ್ಲಿ ಪುಡಿಯಾಗುವಂಥದ್ದು ಬೇಕೆಂದರೆ ಇದು ದಾರಿಯಲ್ಲ. ಇದರಲ್ಲಿ ಬರುವುದು ಉಬ್ಬುಗಳ ಮೇಲೆ ಗರಿಯಾಗಿ ಒಳಗೆ ಮೆತ್ತಗಿರುವ, ಬ್ರೌನಿಗೂ ಬಿಸ್ಕತ್ತಿಗೂ ನಡುವಿನ ಒಂದು ತಿನಿಸು. ಬಿಸಿಯಿದ್ದಾಗ ಬಗ್ಗುತ್ತದೆ, ಹತ್ತು ನಿಮಿಷ ಆರಿದ ಮೇಲೆ ಗಟ್ಟಿಯಾಗುತ್ತದೆ.

ಓವನ್‌ನಲ್ಲಿ ಹತ್ತು ನಿಮಿಷ ಹಿಡಿಯುವುದು ಇಲ್ಲಿ ಅಷ್ಟು ಬೇಗ ಹೇಗೆ ಬೇಯುತ್ತದೆ?

ಓವನ್‌ನಲ್ಲಿ ಕುಕೀಗೆ ತಗಲುವುದು ಹೆಚ್ಚಾಗಿ ಬಿಸಿ ಗಾಳಿ. 175–180 ಡಿಗ್ರಿಯ ಆ ಗಾಳಿಯಲ್ಲಿ ಹಿಟ್ಟು ಮೊದಲು ಕರಗಿ ಹರಡುತ್ತದೆ, ಆಮೇಲೆ ನಿಧಾನಕ್ಕೆ ನೀರು ಕಳೆದುಕೊಂಡು ಗಟ್ಟಿಯಾಗುತ್ತದೆ. ವಾಫಲ್ ಮೇಕರ್ ಅಂದರೆ ಮೇಲೊಂದು ಕೆಳಗೊಂದು ಕಾದ ಕಾವಲಿ. ಲೋಹ ನೇರವಾಗಿ ಹಿಟ್ಟಿಗೆ ಒತ್ತಿಕೊಂಡಿರುವುದರಿಂದ ಬಿಸಿ ಎರಡೂ ಕಡೆಯಿಂದ ಒಟ್ಟಿಗೆ ನುಗ್ಗುತ್ತದೆ. ಹರಡಲು ಸಮಯವಿಲ್ಲ, ಒಣಗಲೂ ಸಮಯವಿಲ್ಲ. ಮೇಲ್ಪದರ ಗಟ್ಟಿಯಾಗಿ ಒಳಗಿನ ತೇವ ಒಳಗೇ ಉಳಿಯುತ್ತದೆ.

ಆದ್ದರಿಂದ ಇದನ್ನು ಸಣ್ಣ ಓವನ್ ಎಂದುಕೊಂಡು ಹೊರಟವರ ಕುಕೀಸ್ ಕೆಡುತ್ತವೆ, ದೋಸೆ ಕಾವಲಿ ಎಂದುಕೊಂಡವರದ್ದು ಸರಿಯಾಗುತ್ತವೆ. ಓವನ್ ರೆಸಿಪಿಯನ್ನು ಒಂದಿಷ್ಟೂ ಬದಲಿಸದೆ ಹಾಕಿದರೆ ಬೆಣ್ಣೆ ಪಕ್ಕದಿಂದ ಹರಿದು, ಸಕ್ಕರೆ ಲೋಹಕ್ಕೆ ಅಂಟಿ, ಮುಚ್ಚಳ ತೆಗೆದಾಗ ಅರ್ಧ ಮೇಲೆ ಅರ್ಧ ಕೆಳಗೆ ಉಳಿಯುತ್ತದೆ.

ಇದು ಇತ್ತೀಚಿನ ರೀಲ್ಸ್ ಚಮತ್ಕಾರವೇ?

ಅಲ್ಲ. ಎರಡು ಕಬ್ಬಿಣದ ಹಲ್ಲೆಗಳ (ತಟ್ಟೆಯಂಥ ಫಲಕಗಳ) ನಡುವೆ ಸಿಹಿ ಹಿಟ್ಟು ಒತ್ತಿ ಬೇಯಿಸುವುದು ಯುರೋಪಿನಲ್ಲಿ ಮಧ್ಯಯುಗದಿಂದ ಇದೆ. ಇಟಲಿಯ ಅಬ್ರುಝೊ ಪ್ರಾಂತ್ಯದ ಪಿಝೆಲ್ಲೆ, ನಾರ್ವೆಯವರು ಕ್ರಿಸ್‌ಮಸ್‌ಗೆ ಮಾಡುವ ಕ್ರುಮ್‌ಕಾಕೆ, ನೆದರ್ಲೆಂಡ್ಸ್‌ನ ಗೌಡಾ ಊರಿನ ಸ್ಟ್ರೋಪ್‌ವಾಫಲ್ ಎಲ್ಲವೂ ಇದೇ ಕುಲದವು. ಮೂರಕ್ಕೂ ಓವನ್ ಬೇಡ. ಒಲೆಯ ಮೇಲಿಟ್ಟು ಮಗುಚುವ ವಾಫಲ್ ಕಬ್ಬಿಣಕ್ಕೆ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಎಂಬಾತ 1869ರ ಆಗಸ್ಟ್ 24ರಂದು ಅಮೆರಿಕದ ಪೇಟೆಂಟ್ ಪಡೆದ. ವಿದ್ಯುತ್ ಯಂತ್ರಗಳು ಬಂದದ್ದು ಆಮೇಲೆ.

ನಮ್ಮ ಕಡೆ ಇದಕ್ಕೆ ಹತ್ತಿರದ ನೆಂಟ ಎಂದರೆ ಮಂಗಳೂರು ಕಡೆಯ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆಯಲ್ಲಿ ಕಾಣುವ, ಹೂವಿನ ಅಚ್ಚಿನ ಕೊಕ್ಕಿಸಾಂ. ಅದು ಎಣ್ಣೆಯಲ್ಲಿ ಕರಿಯುವಂಥದ್ದು, ಬೇರೆ ದಾರಿ. ಆದರೂ ಅಚ್ಚು ಹದವಾಗಿ ಕಾಯದೆ ಮೊದಲನೆಯದು ಸರಿಬರುವುದಿಲ್ಲ ಎಂಬ ನಿಯಮ ಎರಡಕ್ಕೂ ಒಂದೇ.

ಯಾವ ವಾಫಲ್ ಮೇಕರ್ ಒಳ್ಳೆಯದು?

ಗುಳಿ ಆಳವಿಲ್ಲದ್ದು. ಬೆಲ್ಜಿಯನ್ ಎಂದು ಬರೆದಿರುವ ಯಂತ್ರಗಳ ಗುಳಿ ಆಳ, ಉಬ್ಬು ಎತ್ತರ. ಒಂದು ಚಮಚ ಹಿಟ್ಟು ಹಾಕಿದರೆ ಅದು ಮೇಲಿನ ಹಲ್ಲೆಯನ್ನು ಮುಟ್ಟುವುದೇ ಇಲ್ಲ. ಕೆಳಗೆ ಕಪ್ಪು, ಮೇಲೆ ಹಸಿ. ಅಂಥದ್ದೇ ಮನೆಯಲ್ಲಿದ್ದರೆ ಹಿಟ್ಟಿನ ಉಂಡೆ ದೊಡ್ಡದು ಮಾಡಿ (18 ಗ್ರಾಂ ಬದಲು 30 ಗ್ರಾಂ), ಒಂದು ನಿಮಿಷ ಹೆಚ್ಚು ಬಿಡಿ.

ಸುಮಾರು 10 ಸೆಂಟಿಮೀಟರ್ ಅಗಲದ ಪುಟ್ಟ ದುಂಡು ಯಂತ್ರಗಳಲ್ಲಿ ಸಲಕ್ಕೆ ಒಂದೇ ಕುಕೀ. ಇಬ್ಬರಿಗೆ ಸಾಕು, ಹುಟ್ಟುಹಬ್ಬಕ್ಕೆ ಮಾಡ ಹೊರಟರೆ ಸಂಜೆಯಾಗುತ್ತದೆ. ಎರಡು ಚೌಕದ, 750 ವಾಟ್ ಯಂತ್ರದಲ್ಲಿ ಸಲಕ್ಕೆ ನಾಲ್ಕು ಹಿಡಿಸುತ್ತವೆ. ಉಷ್ಣತೆ ಹೆಚ್ಚುಕಮ್ಮಿ ಮಾಡುವ ತಿರುಗುಣಿ ಇದ್ದರೆ ಅದಕ್ಕೆ ಕೊಟ್ಟ ದುಡ್ಡು ವ್ಯರ್ಥವಲ್ಲ. ಕುಕೀಸ್‌ಗೆ ಬೇಕಾದದ್ದು ವಾಫಲ್‌ಗಿಂತ ಒಂದು ಮೆಟ್ಟಿಲು ಕಡಿಮೆ ಕಾವು.

ಸ್ಯಾಂಡ್‌ವಿಚ್ ಟೋಸ್ಟರ್‌ನಲ್ಲಿ ಮಾಡಬಹುದೇ?

ಗೆರೆಗಳಿರುವ ಚಪ್ಪಟೆ ಗ್ರಿಲ್ ಆದರೆ ಧಾರಾಳವಾಗಿ ಮಾಡಿ. ತ್ರಿಕೋನದ ಗುಂಡಿ ಇರುವಂಥದ್ದು ಅಂಚನ್ನು ಒತ್ತಿ ನಡುವನ್ನು ದಪ್ಪ ಬಿಡುತ್ತದೆ, ನಡು ಬೇಯುವಷ್ಟರಲ್ಲಿ ಅಂಚು ಸೀಯುತ್ತದೆ. ಒಲೆಯ ಮೇಲಿಡುವ ಅಲ್ಯೂಮಿನಿಯಂ ವಾಫಲ್ ತವಾ ಇದ್ದರೆ ಮಧ್ಯಮ ಉರಿಯಲ್ಲಿ ಎರಡೂ ಮಗ್ಗುಲು ಕಾಯಿಸಿ, ಹಿಟ್ಟು ಹಾಕಿ, ಉರಿ ಸಣ್ಣ ಮಾಡಿ, ಒಂದೊಂದು ಮಗ್ಗುಲಿಗೆ ಒಂದು ನಿಮಿಷದಿಂದ ಒಂದೂವರೆ ನಿಮಿಷ. ಬರೀ ಅಲ್ಯೂಮಿನಿಯಂ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ.

ಅಳತೆ ಹೇಳಿ.

ಮೊದಲ ಸಲ ಮಾಡುವವರು ಕೋಕೋ ಹಾಕಿದ್ದನ್ನೇ ಮಾಡಿ. ತಪ್ಪಿದರೂ ತಿನ್ನಲು ಬರುತ್ತದೆ. 26ರಿಂದ 28 ಕುಕೀಸ್ ಆಗುವ ಅಳತೆ ಇದು:

- ಮೈದಾ 150 ಗ್ರಾಂ (ಸುಮಾರು ಒಂದೂಕಾಲು ಕಪ್)
- ಸಿಹಿಯಿಲ್ಲದ ಕೋಕೋ ಪುಡಿ 25 ಗ್ರಾಂ
- ಪುಡಿ ಮಾಡಿದ ಸಕ್ಕರೆ 120 ಗ್ರಾಂ
- ಬೆಣ್ಣೆ 100 ಗ್ರಾಂ, ಅಂದರೆ ಅಂಗಡಿಯ ಒಂದು ಸಣ್ಣ ಪ್ಯಾಕ್
- ಮೊಟ್ಟೆ 2
- ಬೇಕಿಂಗ್ ಪೌಡರ್ ಅರ್ಧ ಟೀ ಚಮಚ
- ವೆನಿಲಾ ಅರ್ಧ ಟೀ ಚಮಚ
- ಉಪ್ಪಿಲ್ಲದ ಬೆಣ್ಣೆಯಾದರೆ ಎರಡು ಚಿಟಿಕೆ ಉಪ್ಪು; ಅಂಗಡಿಯ ಹಳದಿ ಉಪ್ಪು ಬೆಣ್ಣೆಯಾದರೆ ಬೇಡ

ಬೆಣ್ಣೆ ಕರಗಿಸಿ ಕೈ ಇಟ್ಟರೆ ಸುಡದಷ್ಟು ಆರಿಸಿ. ಬಿಸಿಯಿದ್ದಾಗ ಮೊಟ್ಟೆ ಒಡೆದರೆ ಆಮ್ಲೆಟ್ ಚೂರು ಸಿಗುತ್ತದೆ. ಸಕ್ಕರೆ ಹಾಕಿ ಕದಡಿ, ಮೊಟ್ಟೆ ಒಂದೊಂದಾಗಿ ಸೇರಿಸಿ, ವೆನಿಲಾ ಹಾಕಿ. ಮೈದಾ, ಕೋಕೋ, ಬೇಕಿಂಗ್ ಪೌಡರ್ ಜರಡಿ ಹಿಡಿದು ಮೇಲಿಂದ ಸುರಿದು, ಒಣಹಿಟ್ಟು ಕಾಣದಾಗುವವರೆಗೆ ಮಾತ್ರ ಕಲಸಿ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಕುಕೀ ರಬ್ಬರಾಗುತ್ತದೆ. ಮುಚ್ಚಿ 15 ನಿಮಿಷ ಬಿಡಿ. ಆಗ ಅದು ಉದ್ದಿನ ವಡೆಯ ಹಿಟ್ಟಿನ ಹದಕ್ಕೆ ಬರುತ್ತದೆ. ಚಮಚ ಓರೆ ಮಾಡಿದರೆ ತಾನಾಗಿ ಜಾರಬಾರದು, ಬೆರಳಲ್ಲಿ ತಳ್ಳಿದರೆ ಬೀಳಬೇಕು.

ಬೇಯಿಸುವ ಕ್ರಮ ಹೇಗೆ?

ಯಂತ್ರ ಮುಚ್ಚಿಟ್ಟೇ ಕಾಯಿಸಿ. ಸಿದ್ಧ ಎನ್ನುವ ದೀಪ ಬಂದ ಮೇಲೂ ಎರಡು ನಿಮಿಷ ಕಾಯಿರಿ. ದೀಪ ನೋಡುವುದು ಥರ್ಮೋಸ್ಟಾಟ್ (ಕಾವು ನಿಯಂತ್ರಿಸುವ ಭಾಗ) ಇರುವ ಒಂದು ಜಾಗದ ಕಾವು ಮಾತ್ರ, ಹಲ್ಲೆಯ ಅಂಚುಗಳು ಆಗಿನ್ನೂ ಹಿಂದೆ ಇರುತ್ತವೆ. ತುಪ್ಪವನ್ನೋ ವಾಸನೆಯಿಲ್ಲದ ಎಣ್ಣೆಯನ್ನೋ ಬ್ರಷ್‌ನಲ್ಲಿ ಎರಡೂ ಹಲ್ಲೆಗೆ ತೆಳ್ಳಗೆ ಸವರಿ. 18 ಗ್ರಾಂನಷ್ಟು, ಅಂದರೆ ದೊಡ್ಡ ನೆಲ್ಲಿಕಾಯಿ ಗಾತ್ರದ ಹಿಟ್ಟನ್ನು ಪ್ರತಿ ಕಾಲುಭಾಗದ ನಡುವೆ ಇಟ್ಟು ಮುಚ್ಚಿ. ಅದುಮಬೇಡಿ, ಮುಚ್ಚಳದ ಭಾರವೇ ಸಾಕು.

ಮುಚ್ಚಿದ ಕೂಡಲೇ ಚುಯ್ ಎನ್ನುತ್ತದೆ, ಪಕ್ಕದಿಂದ ಹಬೆ ದಟ್ಟವಾಗಿ ನುಗ್ಗುತ್ತದೆ. ಒಂದು ನಿಮಿಷದ ಹೊತ್ತಿಗೆ ಹಬೆಯಲ್ಲಿ ಬೆಣ್ಣೆಯ ಪರಿಮಳವಿರುತ್ತದೆ. ಒಂದೂವರೆ ನಿಮಿಷ ದಾಟಿದ ಮೇಲೆ ಹಬೆ ದಾರದಷ್ಟಾಗುತ್ತದೆ, ಸದ್ದು ಇಳಿಯುತ್ತದೆ. ತೆರೆದು ನೋಡುವ ಹೊತ್ತು ಅದು. ಮುಚ್ಚಳವನ್ನು ಬೆರಳಿನಷ್ಟು ಎತ್ತಿ ನೋಡಿ. ತಡೆ ಕೊಟ್ಟರೆ ಬಿಟ್ಟುಬಿಡಿ, ಇನ್ನೊಂದು ಇಪ್ಪತ್ತು ಸೆಕೆಂಡಿನಲ್ಲಿ ಅದೇ ಬಿಡಿಸಿಕೊಳ್ಳುತ್ತದೆ. ಒಟ್ಟು ಎರಡರಿಂದ ಮೂರು ನಿಮಿಷ.

ಮರದ ಅಥವಾ ಸಿಲಿಕೋನ್ ಸಟ್ಟುಗದಿಂದ ತಳದಿಂದ ಎತ್ತಿ ತಂತಿ ಜಾಲರಿಯ ಮೇಲೆ ಹರವಿ. ಜಾಲರಿ ಇಲ್ಲದಿದ್ದರೆ ರೊಟ್ಟಿ ಸುಡುವ ಜಾಲಿಯೂ ಆಗುತ್ತದೆ. ಸ್ಟೀಲ್ ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಅಡಿಯಲ್ಲಿ ಬೆವರಿ, ಬಂದ ಗರಿಯೆಲ್ಲ ಹೋಗುತ್ತದೆ.

ಮೊಟ್ಟೆ ತಿನ್ನುವುದಿಲ್ಲ. ಏನು ಮಾಡಬೇಕು?

ಮೊಟ್ಟೆ ಇಲ್ಲಿ ಮಾಡುವ ಮುಖ್ಯ ಕೆಲಸ ಅಂಟು. ಲೋಹದ ಬಿಸಿ ತಗಲಿದೊಡನೆ ಗಟ್ಟಿಯಾಗಿ, ಹಿಟ್ಟನ್ನು ಒಟ್ಟಿಗೆ ಹಿಡಿದು ಹಲ್ಲೆಯಿಂದ ಬಿಡಿಸಿಕೊಡುತ್ತದೆ. ಅದನ್ನು ತೆಗೆದರೆ ಆ ಕೆಲಸಕ್ಕೆ ಬೇರೆ ಏನಾದರೂ ಬೇಕು. ಮೆಕ್ಕೆಜೋಳದ ಪಿಷ್ಟ (ಅಂಗಡಿಯ ಕಾರ್ನ್‌ಫ್ಲೋರ್) ಮತ್ತು ಗಟ್ಟಿ ಮೊಸರು ಸೇರಿ ಆ ಕೆಲಸ ಮಾಡುತ್ತವೆ.

ಮೈದಾ 150 ಗ್ರಾಂ, ಕಾರ್ನ್‌ಫ್ಲೋರ್ 20 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ, ಕರಗಿಸಿದ ಬೆಣ್ಣೆ 80 ಗ್ರಾಂ, ಹುಳಿಯಿಲ್ಲದ ಗಟ್ಟಿ ಮೊಸರು 80 ಗ್ರಾಂ, ಹಾಲು ಎರಡು ಟೇಬಲ್ ಚಮಚ, ಬೇಕಿಂಗ್ ಪೌಡರ್ ಮುಕ್ಕಾಲು ಟೀ ಚಮಚ, ಅಡುಗೆ ಸೋಡಾ ಎರಡು ಚಿಟಿಕೆ, ಏಲಕ್ಕಿ ಪುಡಿ ಕಾಲು ಟೀ ಚಮಚ. ಹಾಲನ್ನು ಕೊನೆಗೆ, ಹದ ನೋಡಿಕೊಂಡು ಹಾಕಿ. ಎಲ್ಲ ಮೊಸರೂ ಒಂದೇ ದಪ್ಪ ಇರುವುದಿಲ್ಲ. ಇದಕ್ಕೆ ಅರ್ಧ ನಿಮಿಷ ಹೆಚ್ಚು ಬೇಕು. ಬಿಸಿಯಲ್ಲಿ ಎತ್ತುವಾಗ ಮುರಿಯುವ ಸಂಭವ ಹೆಚ್ಚು. ಯಂತ್ರ ಆಫ್ ಮಾಡಿ, ಮುಚ್ಚಳ ತೆರೆದಿಟ್ಟು ಅರ್ಧ ನಿಮಿಷ ಬಿಟ್ಟು ಎತ್ತಿದರೆ ಇಡಿಯಾಗಿ ಬರುತ್ತದೆ. ಸೋಡಾ ಹಾಕಿದ ಈ ಹಿಟ್ಟನ್ನು ನಾಳೆಗೆ ಇಡಬೇಡಿ.

ಮೊಸರಿನ ಬದಲು ಕಂಡೆನ್ಸ್ಡ್ ಮಿಲ್ಕ್ ಹಾಕಿದರೆ ರುಚಿ ಬರುತ್ತದೆ, ಹಲ್ಲೆಗೆ ಅಂಟೂ ಬರುತ್ತದೆ. ನಮ್ಮ ಸಲಹೆ: ಬೇಡ.

ನಾನ್‌ಕಟಾಯಿ ಮಾಡಬಹುದೇ?

ನಿಮ್ಮ ಕೈಯಲ್ಲಿ ಆಗದು ಎಂದಲ್ಲ, ಈ ಯಂತ್ರದಲ್ಲಿ ಆಗುವುದಿಲ್ಲ. ನಾನ್‌ಕಟಾಯಿಯ ಸೊಗಸೇ ತುಪ್ಪ ತುಂಬಿದ, ಅಂಟಿಲ್ಲದ ಹಿಟ್ಟು. ತುಪ್ಪ ಬಿಸಿ ತಗಲಿದೊಡನೆ ಕರಗುತ್ತದೆ, ಮುಚ್ಚಳ ಒತ್ತುತ್ತದೆ, ಉಂಡೆ ಮರಳಿನಂತೆ ಉದುರುತ್ತದೆ. ಅದನ್ನು ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಸ್ಟ್ಯಾಂಡ್ ಮೇಲೆ ತಟ್ಟೆ ಇಟ್ಟು, ಮುಚ್ಚಿ ಬೇಯಿಸುವ ಹಳೆಯ ಕ್ರಮಕ್ಕೇ ಬಿಡಿ.

ರಾಗಿ, ಗೋಧಿ, ಬೆಲ್ಲ?

ಗೋಧಿ ಹಿಟ್ಟು ಮೈದಾಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ. ಪೂರ್ತಿ ಬದಲಿಸಿದರೆ ಎರಡು ಚಮಚ ಹಾಲು ಸೇರಿಸಿ, 15 ನಿಮಿಷದ ಬದಲು ಅರ್ಧ ಗಂಟೆ ನೆನೆಯಲು ಬಿಡಿ. ರಾಗಿಗೆ ಅಂಟಿಲ್ಲ, ಹಾಗಾಗಿ 150 ಗ್ರಾಂನಲ್ಲಿ 50 ಗ್ರಾಂವರೆಗೆ ಮಾತ್ರ. ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು ಆರಿಸಿ ಹಾಕಿದರೆ ಹಸಿವಾಸನೆ ಇರುವುದಿಲ್ಲ. ಕೋಕೋ ಜೊತೆ ರಾಗಿ ಚೆನ್ನಾಗಿ ಹೊಂದುತ್ತದೆ. ಎರಡರ ಬಣ್ಣವೂ ಒಂದೇ ಆದ್ದರಿಂದ ಸೀದಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಗಡಿಯಾರ ನೋಡಿ, ಮೂಗು ನಂಬಿ.

ಬೆಲ್ಲದ ವಿಷಯಕ್ಕೆ ಜಾಗ್ರತೆ ಬೇಕು. ಅದರಲ್ಲಿ ಸಕ್ಕರೆಯ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್ ಕೂಡ ಇರುತ್ತವೆ, ಅವು ಬೇಗ ಕಂದುತ್ತವೆ. ತೇವವನ್ನೂ ಹಿಡಿದುಕೊಂಡಿರುತ್ತದೆ. ಹೀಗಾಗಿ ಹೊರಗೆ ಬೇಗ ಕಪ್ಪು, ಒಳಗೆ ಮೆತ್ತಗೆ. ಉಂಡೆ ಬೆಲ್ಲ ತುರಿದು ಹಾಕಿದರೆ ಗಂಟು ಉಳಿದು, ಆ ಗಂಟು ಕರಗಿ ಹಲ್ಲೆಗೆ ಅಂಟಿ ಕಲ್ಲಾಗುತ್ತದೆ. ನಯವಾದ ಒಣ ಬೆಲ್ಲದ ಪುಡಿ ತೆಗೆದುಕೊಳ್ಳಿ, ಅರ್ಧ ಸಕ್ಕರೆ ಅರ್ಧ ಬೆಲ್ಲ ಮಾಡಿ, ಕಾವು ಒಂದು ಮೆಟ್ಟಿಲು ಇಳಿಸಿ.

ಚಾಕೊಲೇಟ್ ಚಿಪ್ಸ್ ಹಾಕಿದರೆ ಅಂಟುತ್ತದೆ. ಯಾಕೆ?

ಚಿಪ್ಸ್ ಲೋಹವನ್ನು ಮುಟ್ಟಿದ್ದಕ್ಕೆ. ಓವನ್‌ನಲ್ಲಿ ಮೇಲೆ ಕಂಡ ಚಿಪ್ ಬರೀ ಮೆತ್ತಗಾಗುತ್ತದೆ. ಇಲ್ಲಿ ನೇರ ಕಾದ ಹಲ್ಲೆಗೆ ತಗಲಿ ಸೀಯುತ್ತದೆ, ಕಹಿಯಾಗುತ್ತದೆ, ಮುಂದಿನ ಸರದಿಯನ್ನೂ ಹಿಡಿದುಕೊಳ್ಳುತ್ತದೆ. ಅರ್ಧ ಹಿಟ್ಟು ಇಟ್ಟು, ಅದರ ನಡುವೆ ನಾಲ್ಕೈದು ಚೂರು ಚಾಕೊಲೇಟ್ ಇಟ್ಟು, ಉಳಿದರ್ಧ ಹಿಟ್ಟು ಮುಚ್ಚಿ. ಒಣದ್ರಾಕ್ಷಿಗೂ ಇದೇ ಉಪಾಯ. ಗೋಡಂಬಿ, ಬಾದಾಮಿ ಸಣ್ಣಗೆ ಹೆಚ್ಚಿ ಹಿಟ್ಟಿಗೇ ಬೆರೆಸಬಹುದು. ದೊಡ್ಡ ಹೋಳಾದರೆ ಮುಚ್ಚಳ ಪೂರ್ತಿ ಕೂರುವುದಿಲ್ಲ.

ಮಧ್ಯಕ್ಕೆ ಸೀಳಿ ಎರಡಾಗುತ್ತದೆ.

ಹೆಚ್ಚು ಜನ ಹೇಳುವ ದೂರು ಇದೇ. ನೂರಕ್ಕೆ ನೂರು ಅಲ್ಲದಿದ್ದರೂ ಬಹುಪಾಲು ಕಾರಣ ಬೇಗ ತೆರೆದದ್ದು. ಎರಡೂ ಮುಖ ಗಟ್ಟಿಯಾಗಿ ನಡು ಇನ್ನೂ ಹಸಿಯಿದ್ದಾಗ ಎಳೆದರೆ ಸೀಳುವುದು ನಡುವಿನಲ್ಲೇ. ಕಾವಲಿ ಕಾಯದೆ ಹುಯ್ದ ದೋಸೆ ಏಳದ ಹಾಗೆ, ಸಾಕಷ್ಟು ಕಾಯದ ಯಂತ್ರದಲ್ಲಿಯೂ ಹೀಗಾಗುತ್ತದೆ. ಎರಡೂ ಸರಿಯಿದ್ದು ಮತ್ತೂ ಸೀಳಿದರೆ ಸಕ್ಕರೆ ಹೆಚ್ಚಾಗಿದೆ, ಇಲ್ಲವೇ ಹಲ್ಲೆಯ ನಾನ್‌ಸ್ಟಿಕ್ ಲೇಪ ಸವೆದಿದೆ. ಸೀಳಿದ್ದನ್ನು ಕೀಳಬೇಡಿ. ಮತ್ತೆ ಮುಚ್ಚಿ ಮುಕ್ಕಾಲು ನಿಮಿಷ ಬಿಡಿ, ಬಹಳಷ್ಟು ಸಲ ಕೂಡಿಕೊಳ್ಳುತ್ತದೆ.

ಬೆಣ್ಣೆ ಪಕ್ಕದಿಂದ ಸೋರುತ್ತದೆ, ಹೊಗೆ ಬರುತ್ತದೆ.

ಹಿಟ್ಟು ಸಡಿಲವಾಗಿದೆ ಅಥವಾ ಕೊಬ್ಬು ಹೆಚ್ಚಿದೆ. ಬೆಣ್ಣೆಯ ಬದಲು ಅಷ್ಟೇ ತೂಕ ತುಪ್ಪ ಹಾಕಿದವರಿಗೆ ಖಂಡಿತ ಸೋರುತ್ತದೆ: ಅಂಗಡಿಯ ಬೆಣ್ಣೆಯಲ್ಲಿ ಸುಮಾರು 80 ಭಾಗ ಮಾತ್ರ ಕೊಬ್ಬು, ತುಪ್ಪ ಹೆಚ್ಚುಕಡಿಮೆ ಪೂರ್ತಿ ಕೊಬ್ಬು. 100 ಗ್ರಾಂ ಬೆಣ್ಣೆಯ ಜಾಗಕ್ಕೆ 80 ಗ್ರಾಂ ತುಪ್ಪ, ಒಂದು ಟೇಬಲ್ ಚಮಚ ಹಾಲು. ಹಿಟ್ಟೇ ಸಡಿಲವಾದರೆ ಫ್ರಿಜ್‌ನಲ್ಲಿ 20 ನಿಮಿಷ ಇಡಿ, ಅದಕ್ಕೂ ಬಗ್ಗದಿದ್ದರೆ ಒಂದು ಚಮಚ ಮೈದಾ.

ಉಬ್ಬು ಕಪ್ಪಾಗುತ್ತದೆ, ಉಳಿದದ್ದು ಬಿಳಿ.

ಕಾವು ಹೆಚ್ಚು. ತಿರುಗುಣಿ ಇಲ್ಲದ ಯಂತ್ರವಾದರೆ ಹಿಟ್ಟು ಹಾಕಿ ಒಂದು ನಿಮಿಷದ ಮೇಲೆ ಸ್ವಿಚ್ ಆರಿಸಿ, ಉಳಿದ ಒಂದೂವರೆ ನಿಮಿಷ ಹಲ್ಲೆಯ ಬಿಸಿಯಲ್ಲೇ ಬೇಯಲಿ. ಎರಡು ಸರದಿಯ ನಡುವೆ ಒಂದು ನಿಮಿಷ ಮುಚ್ಚಳ ತೆರೆದಿಡಿ. ಕೊನೆಕೊನೆಯ ಸರದಿಗಳಲ್ಲಿ ಯಂತ್ರ ಪೂರ್ತಿ ಕಾದಿರುತ್ತದೆ, ಆಗ ಸಮಯವನ್ನು ಅರ್ಧ ನಿಮಿಷ ಕಡಿಮೆ ಮಾಡಬೇಕಾಗುತ್ತದೆ. ಮೊದಲ ನಾಲ್ಕನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವು ಮೊದಲ ದೋಸೆಯ ಬಳಗ.

ಎಣ್ಣೆ ಸ್ಪ್ರೇ ಬಳಸಬಹುದೇ?

ಡಬ್ಬಿಯಲ್ಲಿ ಬರುವ ಅಡುಗೆ ಸ್ಪ್ರೇಗಳಲ್ಲಿ ಬಹಳಷ್ಟಕ್ಕೆ ಲೆಸಿಥಿನ್ ಎಂಬ ಕೊಬ್ಬಿನಂಥ ಪದಾರ್ಥ ಸೇರಿಸಿರುತ್ತಾರೆ. ಅದು ಬಿಸಿ ಹಲ್ಲೆಯ ಮೇಲೆ ಅಂಟಂಟಾದ ಕಂದು ಪೊರೆಯಾಗಿ ಕೂತು, ಅಂಟದಿರಲೆಂದು ಹಾಕಿದ್ದೇ ಅಂಟಿಸುತ್ತದೆ. ಬ್ರಷ್ ಅಥವಾ ಬಟ್ಟೆಯ ಚೂರು ಸಾಕು. ಸವರಲು ಬೆಣ್ಣೆ ಬೇಡ, ಅದರ ಹಾಲಿನ ಅಂಶ ಸೀಯುತ್ತದೆ. ಹಿಟ್ಟಿನಲ್ಲೇ ಬೆಣ್ಣೆ ಇರುವುದರಿಂದ ಎರಡನೇ ಸರದಿಯಿಂದ ಸವರುವ ಅಗತ್ಯವೂ ಬೀಳುವುದಿಲ್ಲ.

ಗುಳಿಗಳಲ್ಲಿ ಸಿಕ್ಕಿಕೊಂಡದ್ದನ್ನು ತೆಗೆಯುವುದು ಹೇಗೆ?

ಪ್ಲಗ್ ಕಿತ್ತು, ಯಂತ್ರ ಕೈಗೆ ಬೆಚ್ಚಗೆ ಎನ್ನುವಷ್ಟು ಆರಿದಾಗ, ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಹಲ್ಲೆಗಳ ನಡುವೆ ಇಟ್ಟು ಐದು ನಿಮಿಷ ಮುಚ್ಚಿಡಿ. ಅಂಟಿದ ಸಕ್ಕರೆ ನೀರಿಗೆ ಕರಗುತ್ತದೆ, ಉಜ್ಜಬೇಕಿಲ್ಲ. ಮೂಲೆಗೆ ಮರದ ಕಡ್ಡಿ ಅಥವಾ ಹಳೆಯ ಮೆತ್ತನೆ ಟೂತ್ ಬ್ರಷ್. ಚಾಕು, ಸ್ಟೀಲ್ ಚಮಚ, ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ಮುಟ್ಟಿಸಲೇಬೇಡಿ. ಹಲ್ಲೆ ಬಿಚ್ಚಿ ಬರದ ಯಂತ್ರವನ್ನು ನಲ್ಲಿಯ ಕೆಳಗೆ ಹಿಡಿಯುವ ಮಾತೇ ಇಲ್ಲ.

ಕರೆಂಟ್ ಎಷ್ಟು ಎಳೆಯುತ್ತದೆ?

ಮೇಲಿನ ಅಳತೆಗೆ ಏಳು ಸರದಿ, ಕಾಯಿಸುವುದೂ ಸೇರಿ ಅರ್ಧ ಗಂಟೆ. 750 ವಾಟ್ ಯಂತ್ರ ಬಿಡುವಿಲ್ಲದೆ ಉರಿದರೂ ಯೂನಿಟ್ಟಿನ ಅರ್ಧಕ್ಕೂ ಕಡಿಮೆ. ಥರ್ಮೋಸ್ಟಾಟ್ ನಡುನಡುವೆ ಆರಿಸುವುದರಿಂದ ಅದಕ್ಕಿಂತಲೂ ಕಡಿಮೆ. 1500 ವಾಟ್‌ನ ಓಟಿಜಿಯಲ್ಲಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) ಎರಡು ತಟ್ಟೆ ಬೇಯಿಸಲು 40 ನಿಮಿಷ ಹಿಡಿದರೆ ಹೆಚ್ಚೆಂದರೆ ಒಂದು ಯೂನಿಟ್. ಉಳಿತಾಯ ಇದೆ, ಆದರೆ ಯಂತ್ರ ಕೊಳ್ಳಲು ಅದೊಂದೇ ಕಾರಣವಾಗುವಷ್ಟಿಲ್ಲ.

750 ವಾಟ್‌ಗೆ ಸುಮಾರು 3.3 ಆಂಪಿಯರ್, ಮಾಮೂಲಿ 6 ಆಂಪಿಯರ್ ಸಾಕೆಟ್ ಸಾಕು. ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೆ ಓಡಿಸಲೂ ಹೋಗಬೇಡಿ, ಫ್ಯಾನು ದೀಪಕ್ಕೆಂದು ಇರುವ ಇನ್ವರ್ಟರ್ ಅಷ್ಟು ಭಾರ ಹೊರುವುದಿಲ್ಲ.

ಅಮೆರಿಕದಿಂದ ತಂದ ವಾಫಲ್ ಮೇಕರ್ ಇಲ್ಲಿ ನಡೆಯುತ್ತದಾ?

ಬರೀ ಪ್ಲಗ್ ಅಡಾಪ್ಟರ್ ಹಾಕಿ ಚುಚ್ಚಿದರೆ ಸುಟ್ಟುಹೋಗುತ್ತದೆ. ಅಲ್ಲಿಯದು 120 ವೋಲ್ಟ್, ಇಲ್ಲಿಯದು 230. ಕಾಯಿಲ್‌ಗೆ ಹೆಚ್ಚುಕಡಿಮೆ ಎರಡು ಪಟ್ಟು ವೋಲ್ಟೇಜ್ ಕೊಟ್ಟರೆ ಬಿಸಿ ಮೂರೂವರೆ ಪಟ್ಟು ದಾಟುತ್ತದೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಯಂತ್ರದ ವಾಟ್‌ಗಿಂತ ದೊಡ್ಡದು. ಅದರ ಬೆಲೆಯೂ ಭಾರವೂ ಸೇರಿದರೆ ಇಲ್ಲಿಯದೇ ಹೊಸದು ಕೊಳ್ಳುವುದು ಲೇಸು. ಅಲ್ಲಿಂದ ಬರುವ ನೆಂಟರಿಗೆ ಬೇಕಾದರೆ ಒಲೆಯ ಮೇಲಿಡುವ ಪಿಝೆಲ್ಲೆ ಅಥವಾ ಕ್ರುಮ್‌ಕಾಕೆ ಕಬ್ಬಿಣ ತರಲು ಹೇಳಿ, ಅದಕ್ಕೆ ವೋಲ್ಟೇಜಿನ ಗೊಡವೆ ಇಲ್ಲ.

ಎಷ್ಟು ದಿನ ಇರುತ್ತವೆ?

ಒಳಗೆ ತೇವ ಇರುವುದರಿಂದ ಓವನ್ ಕುಕೀಸ್‌ನಷ್ಟು ಇರುವುದಿಲ್ಲ. ಪೂರ್ತಿ ಆರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮೂರು ನಾಲ್ಕು ದಿನ. ಮೊಸರಿನದ್ದಾದರೆ ಎರಡು ದಿನ. ಕರಾವಳಿಯ ಮಳೆಗಾಲದಲ್ಲಿ ಮರುದಿನವೇ ಗರಿ ಹೋಗುತ್ತದೆ. ಆಗ ವಾಫಲ್ ಮೇಕರ್ ಕಾಯಿಸಿ, ಸ್ವಿಚ್ ಆರಿಸಿ, ಗುಳಿಗೆ ಗುಳಿ ಕೂರುವಂತೆ ಇಟ್ಟು ಅರ್ಧ ನಿಮಿಷ ಮುಚ್ಚಿ ತೆಗೆದರೆ ಮರಳಿ ಬರುತ್ತದೆ. ಮೊಟ್ಟೆ ಹಾಕಿದ ಹಸಿ ಹಿಟ್ಟನ್ನು ಫ್ರಿಜ್‌ನಲ್ಲಿ ಮುಚ್ಚಿ ಒಂದು ದಿನ ಇಡಬಹುದು. ಬೇಯಿಸುವ 20 ನಿಮಿಷ ಮೊದಲು ಹೊರಗಿಡಿ. ತಣ್ಣನೆ ಉಂಡೆ ಹಲ್ಲೆಯ ಕಾವನ್ನು ಇಳಿಸಿ ಅಂಟಿಕೊಳ್ಳುತ್ತದೆ.

ಮುರಿದವುಗಳನ್ನು ಏನು ಮಾಡುವುದು?

ವೆನಿಲಾ ಐಸ್‌ಕ್ರೀಮ್‌ಗೆ ಪುಡಿ ಮಾಡಿ ಹಾಕಿ. ಇಡಿಯಾಗಿ ಬಂದವುಗಳಲ್ಲಿ ಎರಡರ ನಡುವೆ ಒಂದು ಚಮಚ ಐಸ್‌ಕ್ರೀಮ್ ಒತ್ತಿ, ಗಂಟೆ ಫ್ರೀಜರ್‌ನಲ್ಲಿಟ್ಟರೆ ಗುಳಿಗಳು ಅದನ್ನು ಜಾರದಂತೆ ಹಿಡಿದುಕೊಳ್ಳುತ್ತವೆ. ಓವನ್‌ನ ಚಪ್ಪಟೆ ಕುಕೀಯಲ್ಲಿ ಇದು ಪಕ್ಕಕ್ಕೆ ಜಾರಿ ಕೈಯೆಲ್ಲ ಅಂಟಾಗುತ್ತದೆ.